ಲೇಖನ ತಾನಾಗಿಯೇ ಬರುತ್ತದೆಯೇ?

ಓದುಗರೊಬ್ಬರು ಬರೆದಿದ್ದಾರೆ: "ಮಹಿಳಾ ವಿಜ್ಞಾನಿಗಳ ಬಗ್ಗೆ ಗುಂಪು ಕಟ್ಟಿಕೊಂಡು ವಿಕಿಪೀಡಿಯದಲ್ಲಿ ಬರೆಯುವುದು ಪಕ್ಷಪಾತವಲ್ಲವೇ? ಸಾಧನೆ ದೊಡ್ಡದಿದ್ದರೆ ಲೇಖನ ತಾನಾಗಿಯೇ ಬರುತ್ತದೆ."

ಉತ್ತರ: ನಿಮ್ಮ ಪತ್ರದಲ್ಲಿ ವಿಶ್ವಕೋಶದ ಮೇಲಿನ ಅಭಿಮಾನ ಕಾಣುತ್ತದೆ, ಸಂತೋಷ. ಸ್ವತಂತ್ರ ಮೂಲಗಳಿಲ್ಲದ ವ್ಯಕ್ತಿಯ ಬಗ್ಗೆ ಲೇಖನ ಬೇಡವೆಂಬ ನಿಯಮವೂ ಸರಿಯೇ. ಅದಿಲ್ಲದಿದ್ದರೆ ಪುಟಗಳೆಲ್ಲ ಜಾಹೀರಾತಾದಾವು. ಆದರೆ ನಿಮ್ಮ ಕೊನೆಯ ವಾಕ್ಯವನ್ನು ನಾನು ಒಪ್ಪಲಾರೆ.

2018ರ ಅಕ್ಟೋಬರ್ 2ರಂದು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ ಭೌತವಿಜ್ಞಾನದ ನೊಬೆಲ್ ಘೋಷಣೆಯಾದಾಗ ಇಂಗ್ಲಿಷ್ ವಿಕಿಪೀಡಿಯದಲ್ಲಿ ಅವರ ಪುಟವೇ ಇರಲಿಲ್ಲ. ಯಾರೋ ಬರೆದು ಸಲ್ಲಿಸಿದ್ದ ಕರಡನ್ನು ಅದೇ ವರ್ಷದ ಮೇ ತಿಂಗಳಲ್ಲಿ, ಮೂಲಗಳು ಸಾಲವೆಂದು ತಳ್ಳಿಹಾಕಲಾಗಿತ್ತು. ಬಹುಮಾನ ತಂದ ಲೇಸರ್ ಪ್ರಬಂಧ 1985ರದು. 2013ರಲ್ಲಿ ಅವರು ಬೆಳಕಿನ ವಿಜ್ಞಾನಿಗಳ ಸಂಘವಾದ ಆಪ್ಟಿಕಲ್ ಸೊಸೈಟಿಯ ಅಧ್ಯಕ್ಷೆಯೂ ಆಗಿದ್ದರು. ಆ ಪ್ರಬಂಧದಲ್ಲಿ ಅವರ ಜೊತೆಗಿದ್ದ ಗುರು ಜೆರಾರ್ ಮುರೂ ಅವರ ಪುಟ ಮಾತ್ರ ಎಷ್ಟೋ ವರ್ಷಗಳಿಂದ ಇತ್ತು. ಗುರು ಹಿರಿಯರು, ನಿಜ. ಶಿಷ್ಯೆ ಇನ್ನೆಷ್ಟು ಕಾಯಬೇಕಿತ್ತು, ಹೇಳಿ?

ಮೂಲಗಳು ಎಲ್ಲಿಂದ ಹುಟ್ಟುತ್ತವೆ ಎಂದೂ ಯೋಚಿಸಿ. ಸದಸ್ಯತ್ವ, ಪದಕ, ಪತ್ರಿಕಾ ಸಂದರ್ಶನ, ಕೊನೆಗೆ ಶ್ರದ್ಧಾಂಜಲಿ. 1660ರಲ್ಲಿ ಹುಟ್ಟಿದ ಲಂಡನ್ನಿನ ರಾಯಲ್ ಸೊಸೈಟಿ ಮೊದಲ ಬಾರಿಗೆ ಮಹಿಳೆಯರನ್ನು ಫೆಲೋಗಳಾಗಿ ಆರಿಸಿದ್ದು 1945ರಲ್ಲಿ. 1911ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಸದಸ್ಯತ್ವದ ಚುನಾವಣೆಯಲ್ಲಿ ಮೇರಿ ಕ್ಯೂರಿಯವರನ್ನು ಸೋಲಿಸಿತು. ಅದೇ ವರ್ಷ ಅವರಿಗೆ ಎರಡನೆಯ ನೊಬೆಲ್ ಬಂತು! ಕ್ಯೂರಿಗೇ ಹೀಗಾದರೆ ಉಳಿದವರ ದಾಖಲೆಯನ್ನು ಯಾರು ಇಟ್ಟಾರು?

ಈ ಸ್ವಯಂಸೇವಕರು ಅಂಥ ಹಳೆಯ ವರದಿ, ಸಂಸ್ಥೆಗಳ ಕಡತಗಳನ್ನು ಕೆದಕಿ, ಸಾಲು ಸಾಲಿಗೂ ಆಧಾರ ಕೊಟ್ಟು ಬರೆಯುತ್ತಾರೆ. ಎಮಿಲಿ ಟೆಂಪಲ್-ವುಡ್ ಎಂಬ ವಿದ್ಯಾರ್ಥಿನಿ ತನಗೆ ಬಂದ ಒಂದೊಂದು ಕಿರುಕುಳದ ಇಮೇಲ್‌ಗೂ ಒಬ್ಬೊಬ್ಬ ಮಹಿಳಾ ವಿಜ್ಞಾನಿಯ ಬಗ್ಗೆ ಲೇಖನ ಬರೆದು ಉತ್ತರ ಕೊಟ್ಟಳು. ಎಂಥ ಛಲ! ಲಂಡನ್ನಿನ ಭೌತವಿಜ್ಞಾನಿ ಜೆಸ್ ವೇಡ್ ತಮ್ಮ ಸಂಶೋಧನೆಯ ನಡುವೆಯೇ ಸಾವಿರಕ್ಕೂ ಹೆಚ್ಚು ಲೇಖನ ಬರೆದಿದ್ದಾರೆ. 2015ರಲ್ಲಿ ಮಹಿಳೆಯರ ಬಗ್ಗೆ ಲೇಖನ ಬರೆಯುವ 'ವಿಮೆನ್ ಇನ್ ರೆಡ್' ಎಂಬ ವಿಕಿಪೀಡಿಯ ಯೋಜನೆ ಶುರುವಾದಾಗ ಇಂಗ್ಲಿಷ್ ವಿಕಿಪೀಡಿಯದ ವ್ಯಕ್ತಿಚಿತ್ರಗಳಲ್ಲಿ ಮಹಿಳೆಯರದು ಸುಮಾರು 15 ಶೇಕಡ. ಈಗ 20ರ ಆಸುಪಾಸು. ಇದನ್ನು ಪಕ್ಷಪಾತ ಎನ್ನುತ್ತೀರಾ?

ನನ್ನ ಸಿಟ್ಟು ಇರುವುದು ನಮ್ಮ ಪತ್ರಿಕಾ ವೃತ್ತಿಯ ಮೇಲೆ. ಯಾವ ಸಂಶೋಧನೆಯ ಸುದ್ದಿ ಬಂದರೂ ಅದೇ ನಾಲ್ಕು ಪುರುಷ ತಜ್ಞರಿಗೆ ಫೋನು. ಮಹಿಳೆ ಸಿಕ್ಕರೆ ಮನೆ, ಮಕ್ಕಳನ್ನು ಹೇಗೆ ನಿಭಾಯಿಸುತ್ತೀರಿ ಎಂಬ ಪ್ರಶ್ನೆ. ಪ್ರಯೋಗದ ಬಗ್ಗೆ ಎರಡು ಸಾಲು. ಅಂಥ ಸಂದರ್ಶನ ನಾಳೆ ಯಾವ ಲೇಖನಕ್ಕೆ ಮೂಲವಾದೀತು? ಅಂಥದ್ದು ನಿಮ್ಮ ಕಣ್ಣಿಗೆ ಬಿದ್ದಾಗ ಆ ಸಂಪಾದಕರಿಗೂ ಇಷ್ಟೇ ಖಾರವಾದ ಒಂದು ಪತ್ರ ಬರೆಯಿರಿ.