ಗೆಣಸಿನ ಕಪ್ಪು ಕಲೆ, ಕಹಿ ಮತ್ತು ಕೊಟ್ಟಿಗೆಯ ದನ

ಪ್ರಶ್ನೆ: ನಮ್ಮದು ಅಂಕೋಲಾ ಕಡೆ. ಭತ್ತದ ಕೊಯ್ಲಾದ ಮೇಲೆ ಗದ್ದೆಗೆ ಗೆಣಸು ಹಾಕುತ್ತೇವೆ. ಕಿತ್ತು, ತೊಳೆದು, ಮೂಲೆಯಲ್ಲಿ ರಾಶಿ ಮಾಡಿದರೆ ಮೂರು ವಾರದೊಳಗೆ ಅರ್ಧ ಹಾಳು. ಕೆಲವು ಮೆತ್ತಗಾಗಿ ನೀರೊಡೆಯುತ್ತವೆ, ಕೆಲವಕ್ಕೆ ಗಟ್ಟಿ ಕಪ್ಪು ಕಲೆ. ಕಲೆ ಕೆತ್ತಿ ಬೇಯಿಸಿದರೂ ಕಹಿ. ಏನು ಔಷಧಿ? ಕೆಟ್ಟದ್ದನ್ನು ದನಕ್ಕೆ ಹಾಕಬಹುದೇ?

ಉತ್ತರ: ದನದ ವಿಷಯ ಮೊದಲು. ಹಾಕಲೇಬೇಡಿ, ಬೇಯಿಸಿಯೂ ಬೇಡ. ಕಪ್ಪು ಕೊಳೆಯ ಶಿಲೀಂಧ್ರ ಸೆರಟೊಸಿಸ್ಟಿಸ್ ಒಳಹೊಕ್ಕಾಗ ಅದನ್ನು ತಡೆಯಲು ಗೆಣಸು ತಾನೇ ಇಪೊಮಿಯಮರೋನ್ ಎಂಬ ಸಂಯುಕ್ತ ತಯಾರಿಸುತ್ತದೆ. ನಿಮ್ಮ ನಾಲಗೆಗೆ ತಾಗಿದ ಕಹಿ ಅದೇ. 1943ರಲ್ಲಿ ಜಪಾನಿನಲ್ಲಿ ಇದನ್ನು ಬೇರ್ಪಡಿಸಿದ್ದು ಕೊಳೆ ತಗುಲಿದ ಗೆಣಸಿನಿಂದಲೇ. ಕಲೆಯ ಸುತ್ತ ಚೆನ್ನಾಗಿ ಕಾಣುವ ತಿರುಳಿನಲ್ಲೂ ಅದಿರುತ್ತದೆ, ಕುದಿಸಿದರೆ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ವಿಷ. ಮೇಲಿಂದ ಫ್ಯುಸೇರಿಯಂ ಬೂಷ್ಟು ಸೇರಿತೋ, ಇನ್ನೊಂದು ವಿಷ ಹುಟ್ಟಿ ದನದ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕತ್ತು ಚಾಚಿ, ಬಾಯಿ ತೆರೆದು ಏದುಸಿರು ಬಿಡುವುದು ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ.

ನೀರೊಡೆಯುವುದು ರೈಜೋಪಸ್ ಎಂಬ ಬೂಷ್ಟಿನ ಕೊಳೆ. ಅದಕ್ಕೆ ಗಾಯವೇ ಬಾಗಿಲು. ಸಿಪ್ಪೆಯಲ್ಲಿ ಕ್ಲೋರೋಜೆನಿಕ್ ಆಮ್ಲದಂಥ, ಬೂಷ್ಟನ್ನು ತಡೆಯುವ ರಾಸಾಯನಿಕಗಳ (ಫೀನಾಲು) ಕಾವಲಿದೆ. ಗುದ್ದಲಿ ತಾಗಿ ಸಿಪ್ಪೆ ತರಚಿದಲ್ಲಿ ಆ ಕಾವಲು ತಪ್ಪುತ್ತದೆ. ಆದರೆ ಕಿತ್ತ ಗೆಣಸಿಗೂ ಜೀವವಿದೆ. ಗಾಯದ ಅಡಿಯಲ್ಲಿ ಬೆಂಡಿನಂಥ ಸುಬೆರಿನ್, ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ತುಂಬಿಸಿ ಹೊಸ ಸಿಪ್ಪೆ ಕಟ್ಟಿಕೊಳ್ಳುತ್ತದೆ. ಅದಕ್ಕೆ 30 ಡಿಗ್ರಿ ಆಸುಪಾಸಿನ ಕಾವು, ಶೇ 85–90 ಆರ್ದ್ರತೆಯ ಗಾಳಿ, 4ರಿಂದ 7 ದಿನ ಬೇಕು. ನಿಮ್ಮಲ್ಲಿ ತಪ್ಪಿದ್ದು ಇಲ್ಲೇ: ಗಾಯ ಮಾಯುವ ಮೊದಲೇ ತೊಳೆದು ರಾಶಿ ಹಾಕಿದ್ದು.

ಕೀಳುವ ವಾರ ಮೊದಲೇ ನೀರು ನಿಲ್ಲಿಸಿ, ಬಳ್ಳಿ ಕೊಯ್ದುಬಿಡಿ, ಸಿಪ್ಪೆ ಬಲಿಯುತ್ತದೆ. ಕಿತ್ತದ್ದನ್ನು ಬಿಸಿಲಲ್ಲಿ ಬಿಡದೆ, ಮಣ್ಣು ಮಾತ್ರ ಉದುರಿಸಿ, ಕಲೆಯಿದ್ದದ್ದನ್ನು ಬೇರೆ ಮಾಡಿ. ಉಳಿದದ್ದನ್ನು ಒಣಹುಲ್ಲಿನ ಮೇಲೆ ಒಂದೇ ಪದರವಾಗಿ ಹರಡಿ. ಸುತ್ತ ಒದ್ದೆ ಗೋಣಿಚೀಲ ತೂಗುಹಾಕಿ, ಗೆಣಸಿಗೆ ತಾಗದಂತೆ. ಗಾಳಿ ತೇವವಿರಬೇಕು, ಗೆಣಸಿನ ಮೈ ಒದ್ದೆಯಾಗಬಾರದು. ಮೈಮೇಲೆ ನೀರು ನಿಂತರೆ ಕೊಳೆಗೆ ಅನುಕೂಲ. ಕರಾವಳಿಯಲ್ಲೂ ರಾತ್ರಿ ಕಾವು ಇಳಿಯುವುದರಿಂದ ವಾರ ಪೂರ್ತಿ ಬಿಡಿ. ಘಟ್ಟದ ಮೇಲೆ, ಚಳಿ ಹೆಚ್ಚಿರುವ ಶಿರಸಿ ಕಡೆಯವರಿಗೆ ಬಚ್ಚಲೊಲೆಯ ಪಕ್ಕದ ಕೋಣೆ ಒಳ್ಳೆಯದು. ತರಚಿದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಜಾರದಿದ್ದರೆ ಗಾಯ ಕಟ್ಟಿದೆ ಎಂದರ್ಥ. ಆಮೇಲೆ ಗಾಳಿಯಾಡುವ ತಂಪು ಜಾಗಕ್ಕೆ ಹಾಕಿ. ಫ್ರಿಜ್ ಬೇಡ, 12 ಡಿಗ್ರಿಗಿಂತ ಕೆಳಗೆ ಚಳಿ ಹೊಡೆದ ಗೆಣಸು ಬೇಗ ಕೊಳೆಯುತ್ತದೆ.

ಅಡಿಕೆ ಕೊಳೆಗೆ ಹೊಡೆದು ಉಳಿದ ಮೈಲುತುತ್ತದ ದ್ರಾವಣದಲ್ಲಿ ಮಾತ್ರ ಅದ್ದಬೇಡಿ, ಇದು ತಿನ್ನುವ ಗೆಡ್ಡೆ. ಕಪ್ಪು ಕಲೆ ಬಂದ ಗದ್ದೆಯಲ್ಲಿ ಮೂರು ವರ್ಷ ಗೆಣಸು ಬೇಡ. ನಾಟಿಗೆ ಬಳ್ಳಿಯನ್ನು ರೋಗವಿಲ್ಲದ ಗದ್ದೆಯಿಂದ, ನೆಲದಿಂದ ಮೇಲಕ್ಕೆ ಕತ್ತರಿಸಿ ತನ್ನಿ. ಕೊಳೆತದ್ದನ್ನು ಗೊಬ್ಬರಗುಂಡಿಗೆ ಹಾಕದೆ ದನ ಮುಟ್ಟದ ಕಡೆ ಆಳವಾಗಿ ಹೂಳಿ.