16 ಮಂದಿಯ ಅಂಡಮಾನ್ ಪ್ರವಾಸ: ದಿನ ಸಾಲುತ್ತಿಲ್ಲವೆಂಬ ಪ್ರಶ್ನೆಗೆ

ಡಿಸೆಂಬರಿನಲ್ಲಿ ಮಡಿಕೇರಿಯಿಂದ ಹಿರಿಯರು, ಮಕ್ಕಳು ಸೇರಿ 16 ಮಂದಿ ಹೊರಡುವ ನಿಮ್ಮ ಪಟ್ಟಿಯ ಸ್ಥಳಗಳು 5 ದಿನಗಳಲ್ಲಿ ಹೊಂದಿಕೆಯಾಗದಿರಲು ಕಾರಣ, ಬಹುಶಃ, ದಿನವನ್ನು ನಮ್ಮೂರಿನ ಸಂಜೆಯ ಲೆಕ್ಕದಲ್ಲಿ ಹಂಚಿರುವುದು. ಅಂಡಮಾನಿನಲ್ಲಿ ಆ ತಿಂಗಳು ಸಂಜೆ 5ರ ಸುಮಾರಿಗೇ ಸೂರ್ಯ ಮುಳುಗುತ್ತಾನೆ.

ಮೊದಲು ಸ್ವರಾಜ್ ದ್ವೀಪಕ್ಕೆ, ಅಂದರೆ ಹಿಂದಿನ ಹ್ಯಾವ್‌ಲಾಕಿಗೆ, ಹೋಗಿಬರುವ ಹಡಗಿನಲ್ಲಿ ಎಲ್ಲರಿಗೂ ಒಟ್ಟಿಗೆ ಆಸನ ಕಾದಿರಿಸಿ, ಆ ದಿನಾಂಕಗಳಿಗೆ ತಕ್ಕಂತೆ ಕೊಠಡಿಗಳನ್ನು ಗೊತ್ತುಮಾಡಿ. ಅಲ್ಲಿ 2 ರಾತ್ರಿ ಉಳಿದು, ಒಂದು ಮಧ್ಯಾಹ್ನವನ್ನು ಪೂರ್ತಿಯಾಗಿ ರಾಧಾನಗರ ಕಡಲತೀರಕ್ಕೆ ಬಿಡಿ. ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗಳನ್ನು ಕೈಬಿಡುವುದೇ ಒಳ್ಳೆಯದು. ಅದಕ್ಕೆ ನಸುಕಿನಲ್ಲೇ ಹೊರಡಬೇಕು, ದೋಣಿ ಇಳಿದು ನಡೆಯಬೇಕು. ಅಲ್ಲದೆ ಅಲ್ಲಿಗೆ ಹೋಗುವ ದಾರಿಯಲ್ಲಿ, ಅಂಡಮಾನಿನ ಮೂಲನಿವಾಸಿಗಳಾದ ಜಾರವಾ ಜನರ ಮೀಸಲು ನೆಲದ ನಡುವೆ, ಪ್ರವಾಸಿಗರ ವಾಹನಗಳು ಸಾಲಾಗಿ ಹಾದುಹೋಗುವುದು ನನಗೆ ಸರಿಯೆನಿಸುವುದಿಲ್ಲ.

ಸಮುದ್ರ ಕೆರಳಿದರೆ ಹಡಗು ರದ್ದಾಗಬಹುದಾದ್ದರಿಂದ ಊರಿಗೆ ಮರಳುವ ವಿಮಾನದ ಹಿಂದಿನ ದಿನವೇ ಶ್ರೀ ವಿಜಯಪುರಂಗೆ, ಅಂದರೆ ಹಿಂದಿನ ಪೋರ್ಟ್ ಬ್ಲೇರಿಗೆ, ಮರಳಿ, ಸೆಲ್ಯುಲರ್ ಜೈಲನ್ನು ಅಂದು ನೋಡಿ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಏನೂ ಆಗದ ನಮ್ಮ ತಾಯಿಯವರು ಹಡಗಿನಲ್ಲಿ ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತಾ ಕುಳಿತಿದ್ದರು. ಹಿರಿಯರಿಗೆ ವಾಂತಿ ತಡೆಯುವ ಮಾತ್ರೆ ಯಾವುದೆಂದು ವೈದ್ಯರನ್ನು ಈಗಲೇ ಕೇಳಿಟ್ಟುಕೊಳ್ಳಿ.