ಎಣ್ಣೆ ಡಬ್ಬ ಕೆಳಗಿಡಿ, ಮ್ಯಾಗ್ನೆಟ್ ತಗೊಳ್ಳಿ

ಪ್ರಶ್ನೆ: ತೋಟದಲ್ಲಿ 45 ಮಿ.ಮೀ. ಅಗಲದ ಮಾಡೆಲ್ ರೈಲು ಹಳಿ ಹಾಕಿದ್ದೇನೆ. ಮಳೆ, ಬಿಸಿಲಿಗೆ ಹಳಿ ಕಪ್ಪಾಗಿದೆ. ಇಂಜಿನ್ ಅಲ್ಲಲ್ಲಿ ತಡವರಿಸಿ ನಿಲ್ಲುತ್ತದೆ. ತುಕ್ಕು ಹಿಡಿಯದಂತೆ ಎಣ್ಣೆ ಸವರಿಡಲೇ?

ಉತ್ತರ: ಬೇಡ. ಎಣ್ಣೆ ಹಚ್ಚಿದರೆ ಚಕ್ರ ಜಾರುತ್ತದೆ, ಧೂಳು ಅಂಟುತ್ತದೆ, ಹಳಿಯಿಂದ ಇಂಜಿನ್‌ಗೆ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಮೊದಲು ಹಳಿಗೆ ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಹಳದಿ ಲೋಹ, ಮ್ಯಾಗ್ನೆಟ್ ಅಂಟಲಿಲ್ಲ ಅಂದರೆ ಅದು ಹಿತ್ತಾಳೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ನೀವು ಕಂಡದ್ದು ಕಿಲುಬು. ರೈಲು ಓಡಿಸುವ ಮುನ್ನ ಚಕ್ರ ತಾಗುವ ಮೇಲ್ಮೈಯನ್ನಷ್ಟೇ ನಯವಾದ ಸ್ಕ್ರಬ್ ಪ್ಯಾಡ್‌ನಿಂದ ಉಜ್ಜಿ. ಒರಟು ಮರಳು ಕಾಗದ ಬೇಡ, ಗೀರುಗಳಲ್ಲೇ ಕೊಳೆ ಕೂರುತ್ತದೆ. ಪಕ್ಕ ಕಪ್ಪಾಗಿದ್ದರೆ ಇರಲಿ ಬಿಡಿ, ನಿಜವಾದ ಹಳಿಯ ಹಾಗೇ ಕಾಣುತ್ತದೆ ಅಲ್ವಾ!

ಹಳಿಗೆ ಮ್ಯಾಗ್ನೆಟ್ ಅಂಟಿಕೊಂಡಿತೋ, ಅದು ಉಕ್ಕು. ಪಕ್ಕಕ್ಕೆ ಬಣ್ಣ ಬಳಿದು ಸ್ವಲ್ಪ ಕಾಲ ತಳ್ಳಬಹುದು. ಹೊರಗಡೆಗೆ ಉಕ್ಕಿನ ಹಳಿಯನ್ನು ನಾನಂತೂ ಹೇಳುವುದಿಲ್ಲ.

ನನಗೆ ಜಾಸ್ತಿ ಅನುಮಾನ ಇರುವುದು ಒಂದು ಹಳಿಯ ತುದಿಯನ್ನು ಇನ್ನೊಂದಕ್ಕೆ ಸೇರಿಸುವ ಲೋಹದ ತುಂಡುಗಳ, ಅಂದರೆ ಜಾಯಿನರ್‌ಗಳ ಮೇಲೆ. ಇಂಜಿನ್ ತಡವರಿಸುವ ಕಡೆ ಒಂದನ್ನು ಬಿಚ್ಚಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಮಣ್ಣು, ತೇವ, ಒಮ್ಮೊಮ್ಮೆ ಕಂದು ಪುಡಿ ಇರುತ್ತದೆ. ಹಳಿಯ ತುದಿಯೂ ಮಂಕಾಗಿರುತ್ತದೆ. ಎರಡನ್ನೂ ಹೊಳೆಯುವಂತೆ ತಿಕ್ಕಿ, ಕರೆಂಟ್ ಹರಿಯಬಿಡುವ ಗ್ರೀಸ್ ಚೂರು ಒಳಗೆ ತುಂಬಿ ಕೂರಿಸಿ. ಉಕ್ಕಿನ ಜಾಯಿನರ್ ಆದರೆ ಎಸೆದುಬಿಡಿ. ಸ್ಕ್ರೂ ಹಾಕಿ ಬಿಗಿಯುವ ಹಿತ್ತಾಳೆ ಕ್ಲ್ಯಾಂಪ್ ಹಾಕಿ. ಇಲ್ಲವಾದರೆ ಹಳಿಯಿಂದ ಹಳಿಗೆ ತುಂಡು ವೈರ್ ಬೆಸೆಯಿರಿ. ವೈರ್ ಸ್ವಲ್ಪ ಸಡಿಲವಾಗಿರಲಿ, ಯಾಕೆಂದರೆ ಹಳಿ ಸುಮ್ಮನಿರುವುದಿಲ್ಲ. ಬಿಸಿ 30 ಡಿಗ್ರಿ ಏರಿದರೆ 10 ಮೀಟರ್ ಹಿತ್ತಾಳೆ ಸುಮಾರು 6 ಮಿ.ಮೀ. ಹಿಗ್ಗುತ್ತದೆ. ಹಾಗಾಗಿ ಎಲ್ಲ ಕಡೆ ಬಿಗಿದುಬಿಟ್ಟರೆ ಹಳಿ ಸೊಟ್ಟಗಾಗುತ್ತದೆ. ಅಲ್ಲಲ್ಲಿ ಜರುಗುವ ಜಾಯಿಂಟ್ ಬಿಡಿ.

ಹಳಿ ಮಣ್ಣಿನ ಮೇಲೆ ನೇರವಾಗಿ ಕೂತಿದೆಯೇ? ಹಾಗಿದ್ದರೆ ಎತ್ತಿ ಕೆಳಗೆ ಮೂಲೆ ಮೂಲೆಯಾದ ಸಣ್ಣ ಜಲ್ಲಿ ಹಾಸಿ. ನೀರು ಇಳಿದುಹೋಗುತ್ತದೆ, ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಗುಂಡು ಕಲ್ಲು ಉರುಳುತ್ತದೆ, ಬೇಡ. ಹಳಿಯ ಕೆಳಗೆ ಅಡ್ಡಡ್ಡ ಕೂರುವ ಪ್ಲಾಸ್ಟಿಕ್ ಪಟ್ಟಿ (ಸ್ಲೀಪರ್) ಬಿಸಿಲು ತಡೆಯುವ ಜಾತಿಯದ್ದೇ ಇರಲಿ. ಒಳಾಂಗಣದ್ದು ಬಿಸಿಲಿಗೆ ಪುಡಿಪುಡಿ.

ಇಷ್ಟೆಲ್ಲ ಉಜ್ಜುವುದು ಬೇಜಾರು ಅನಿಸಿದರೆ ಬ್ಯಾಟರಿ ಇಂಜಿನ್ ತಗೊಳ್ಳಿ. ಆಗ ಹಳಿಗೆ ಕರೆಂಟೇ ಬೇಡ, ಬಿದ್ದ ಎಲೆ ಗುಡಿಸಿದರೆ ಸಾಕು.